ನೆಟ್ಟಗಾದ ಮೀನು

ಗೋಪಿನಾಥರ ಹೆಂಡತಿ ಒಂದೇ ಮಾತು ಹೇಳಿದ್ದರಂತೆ: ಮನೆಯಲ್ಲಿ ಆ ಮೀನಾದರೂ ಇರಬೇಕು, ಇಲ್ಲ ತಾನಾದರೂ ಇರಬೇಕು. ಹಗಲೂ ರಾತ್ರಿ ಹೊಟ್ಟೆ ಮೇಲೆ ಮಾಡಿಕೊಂಡು ಈಜುವ ಪ್ರಾಣಿ ಕಣ್ಣೆದುರಿಗಿದ್ದರೆ ಸಂಸಾರವೂ ತಲೆಕೆಳಗಾಗುತ್ತದೆ ಎಂಬುದು ಅವರ ವಾದ. ಗೋಪಿನಾಥರು ಎರಡು ದಿನ ಯೋಚಿಸಿ ಹೆಂಡತಿಯನ್ನೇ ಉಳಿಸಿಕೊಂಡರು. ಗಾಜಿನ ತೊಟ್ಟಿ ಮೀನುಗಳ ಸಮೇತ ಅವರ ಕೈಕೆಳಗಿನ ಟೆಸ್ಟಿಂಗ್ ಎಂಜಿನಿಯರ್ ಶಿವಾನಂದನ ಫ್ಲ್ಯಾಟಿಗೆ ಬಂತು.

ಸಿಕಂದರಾಬಾದಿನಾಚೆಯ ಕೊಂಡಾಪುರದಲ್ಲಿ ಬಂಡೆ ಸಿಡಿಸಿ ಸಾಫ್ಟ್‌ವೇರ್ ಆಫೀಸು ಕಟ್ಟುತ್ತಿದ್ದ ಕಾಲ ಅದು. ಮ್ಯಾನೇಜರು ಮೀನು ಕೊಟ್ಟರೆ ಮೀನು, ಮೊಸಳೆ ಕೊಟ್ಟರೆ ಮೊಸಳೆ ಸಾಕಬೇಕಿತ್ತು. ಅದರಲ್ಲೂ ಬರುವ ಗುರುವಾರ ಲಿಂಗಸುಗೂರಿನಲ್ಲಿ ಶಿವಾನಂದನ ನಿಶ್ಚಿತಾರ್ಥ. ರಜೆಯ ಅರ್ಜಿಗೆ ಗೋಪಿನಾಥರ ಸಹಿ ಇನ್ನೂ ಬಿದ್ದಿರಲಿಲ್ಲ. "ಭಾನುವಾರ ಸಂಜೆ ಚೆನ್ನೈನಿಂದ ಬರ್ತೀನಿ. ಮೊದಲು ಮೀನು ನೋಡ್ತೀನಿ, ಆಮೇಲೆ ಸೈನ್," ಎಂದು ಹೇಳಿ ಹೋಗಿದ್ದರು.

ತೊಟ್ಟಿಯಲ್ಲಿದ್ದವೆಲ್ಲ ಮೀಸೆಯ ಮೀನುಗಳೇ. ಒಂದು ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ನೆಕ್ಕುತ್ತಿತ್ತು. ಎರಡು ಪುಟಾಣಿಗಳು ಕಳೆದ ಉಂಗುರ ಹುಡುಕುವವರಂತೆ ಮರಳು ಕೆದಕುತ್ತಿದ್ದವು. ಇನ್ನೊಂದರ ಮೈ ಗಾಜಿನಂಥದು, ಒಳಗಿನ ಮುಳ್ಳುಗಳನ್ನು ಎಣಿಸಬಹುದಿತ್ತು. ಐದನೆಯದೇ ಆ ತಲೆಕೆಳಗು ತಳಿ.

ಭಾನುವಾರ ಬೆಳಿಗ್ಗೆ ಶಿವಾನಂದ ಕ್ಷೌರಕ್ಕೆ ಹೋಗಿದ್ದಾಗ ಎದುರು ಮನೆಯ ಶರಣಬಸಮ್ಮ ಮಂಡಕ್ಕಿಯ ಸುಸಲಾ ತಂದುಕೊಡಲು ಬಂದರು. ಬೀಗದ ಕೈ ಅವರ ಬಳಿಯೂ ಒಂದಿತ್ತು. ರಾಯಚೂರು ಕಡೆಯ ಹೆಣ್ಣುಮಗಳು. ಕಣ್ಣಿಗೆ ಬಿದ್ದ ಕೆಲಸವನ್ನು, ಅದು ಯಾರದ್ದೇ ಆಗಿರಲಿ, ಬಿಟ್ಟವರಲ್ಲ. ಶಿವಾನಂದ ಮರಳಿದಾಗ ಅವರು ಕೈ ತೊಳೆಯುತ್ತಿದ್ದರು.

"ತಮ್ಮಾ, ಒಂದು ಮೀನ ಸತ್ತಿತ್ತು ನೋಡು. ಹೊಟ್ಟಿ ಮ್ಯಾಗ ಮಾಡಿ ತೇಲಾಕತ್ತಿತ್ತು. ನಿಶ್ಚಯ ಆಗೋ ಹುಡುಗನ ಮನ್ಯಾಗ ಹೆಣ ಇರಬಾರದು ಅಂತ ಚಾ ಸೋಸೋ ಜರಡಿಲೆ ತಗದು, ಕರಿಬೇವಿನ ಗಿಡದ ಬುಡಕ ಹೂತು ಬಂದೆ."

"ಅಯ್ಯೋ ಅಕ್ಕಾರ, ಅದು ಸತ್ತಿರಲಿಲ್ರಿ! ಅದರ ಜಾತಿನ ಹಂಗ ಈಜೂದು!"

"ಅದಕ್ಕನ ಏನೋ, ಜರಡ್ಯಾಗ ಭಾಳ ಜಿಗದಾಡ್ತು," ಎಂದರು ಶರಣಬಸಮ್ಮ. "ಜೀವ ಹೋಗೂ ಮುಂದ ಹಂಗ ಮಾಡ್ತಾವು ಅನಕೊಂಡೆ."

ಶಿವಾನಂದ ಓಡಿಹೋಗಿ ಮಣ್ಣು ಅಗೆದ. ಕೆಳಮನೆಯ ಬೆಕ್ಕು ಅವನಿಗಿಂತ ಮೊದಲೇ ಅಗೆದಿತ್ತು. ಅಪಾರ್ಟ್‌ಮೆಂಟಿನ ಸೆಕ್ರೆಟರಿ ವಿಠಲರಾಯರು ಬಾಲ್ಕನಿಯಿಂದಲೇ ಕೂಗಿದರು: "ಯಾರನ್ನ ಕೇಳಿ ಗಿಡ ಕೀಳಾಕತ್ತೀರಿ?" ವಿಷಯ ತಿಳಿದ ಮೇಲೆ ಅವರ ಸಿಟ್ಟು ಸಲಹೆಯಾಯಿತು. "ದಿಲ್‌ಸುಖ್‌ನಗರಕ್ಕ ಹೋಗ್ರಿ. ಅಲ್ಲಿ ಸಿಗದ ಮೀನ ಸಮುದ್ರದಾಗೂ ಸಿಗೂದಿಲ್ಲ."

ಎರಡು ಬಸ್ಸು ಬದಲಿಸಿ ಶಿವಾನಂದ ಅಂಗಡಿ ಹುಡುಕಿದ. "ಉಲ್ಟಾ ಮಛಲಿ? ಹೈ ನಾ ಸಾಬ್!" ಎಂದ ಅಂಗಡಿಯವನು. ಮೂಲೆಯ ಹಸಿರುಗಟ್ಟಿದ ತೊಟ್ಟಿಯಲ್ಲಿ ಮೀಸೆಯ ಮೀನೊಂದು ಹೊಟ್ಟೆ ಮೇಲೆ ಮಾಡಿ ನಿಂತಿತ್ತು. "ಕಲ್ ಸೇ ಉಲ್ಟಾಚ್ ಹೈ."

ನಿನ್ನೆಯಿಂದ ಉಲ್ಟಾ ಎಂದರೆ ಮೊನ್ನೆ ಹೇಗಿತ್ತು ಎಂದು ಕೇಳಬೇಕಿತ್ತು. ಎಲ್ಲವನ್ನೂ ಸಂಶಯದಿಂದ ನೋಡುವುದೇ ಶಿವಾನಂದನ ಉದ್ಯೋಗ. ಆದರೆ ಅಂದು ಭಾನುವಾರ.

ಬಸ್ಸಿನಲ್ಲಿ ಪಕ್ಕದ ಮುದುಕಿ ಅವನ ತೊಡೆಯ ಮೇಲಿನ ನೀರಿನ ಚೀಲ ನೋಡಿ, "ಚಚ್ಚಿಪೋಯಿಂದಿ ಬಾಬೂ," ಎಂದು ಮರುಗಿದಳು. ಸತ್ತಿಲ್ಲವಮ್ಮ, ಅದರ ಜಾತಿಯೇ ಹಾಗೆ ಎಂದು ಅವನು ಹೆಮ್ಮೆಯಿಂದಲೇ ವಿವರಿಸಿದ.

ಮೀನನ್ನು ತೊಟ್ಟಿಗೆ ಬಿಟ್ಟಾಗ ನಾಲ್ಕು ಗಂಟೆ. ಅದು ಹೊಟ್ಟೆ ಮೇಲೆಯೇ ತೇಲಿತು. ಶಿವಾನಂದನಿಗೆ ಹೋದ ಜೀವ ಬಂದಂತಾಯಿತು. ತಪ್ಪಿಗೆ ಪ್ರಾಯಶ್ಚಿತ್ತವಾಗಲೆಂದು ಶರಣಬಸಮ್ಮನೂ ಬಂದು ಕುಳಿತರು. "ಸಾಹೇಬ್ರು ಏನರ ಕೇಳಿದರ ಮಾತು ನನಗ ಬಿಡು."

ಐದಕ್ಕೆ ಗೋಪಿನಾಥರು ಸಿಕಂದರಾಬಾದ್ ಸ್ಟೇಷನ್ನಿನಿಂದ ನೇರವಾಗಿ ಬಂದರು. ಕೈಯಲ್ಲೊಂದು ಚೀಲ. ಬೂಟು ಬಿಚ್ಚಿದವರೇ ತೊಟ್ಟಿಯ ಮುಂದೆ ಬಗ್ಗಿದರು.

ಒಂದು ಗಂಟೆಯಿಂದ ಶುದ್ಧ ನೀರು, ಒಳ್ಳೆಯ ಗಾಳಿ ಕುಡಿದಿದ್ದ ಹೊಸ ಮೀನು ಆಗಲೇ ಮೀಸೆ ಅಲುಗಿಸಿತು. ಮೆಲ್ಲಗೆ ಮಗ್ಗುಲಾಯಿತು. ಆಮೇಲೆ ಬೆನ್ನು ಮೇಲೆ, ಹೊಟ್ಟೆ ಕೆಳಗೆ ಮಾಡಿಕೊಂಡು, ಹುಟ್ಟಿದಾಗಿನಿಂದ ಹಾಗೆಯೇ ಇದ್ದಂತೆ ನೆಟ್ಟಗೆ ಈಜಿತು.

"ಇದು... ಅದೇನಾ?" ಎಂದರು ಗೋಪಿನಾಥರು.

ಶಿವಾನಂದ ಬಾಯಿ ತೆರೆಯುವಷ್ಟರಲ್ಲಿ ಶರಣಬಸಮ್ಮ ಮಾತು ಎತ್ತಿಕೊಂಡರು. "ಹೂಂನ್ರಿ ಸಾಹೇಬ್ರ. ಹಗಲೂ ರಾತ್ರಿ ಕುಂತು ನಮ್ಮ ತಮ್ಮ ಅದನ್ನ ತಿದ್ದ್ಯಾನ್ರಿ. ಭಾಳ ಕೈಗುಣ ಐತ್ರಿ ಇವಂದು."

ಗೋಪಿನಾಥರ ಕಣ್ಣು ತುಂಬಿ ಬಂತು. "ದೇವರು ಬಿಟ್ಟ ಬಗ್ಗನ್ನೇ ಫಿಕ್ಸ್ ಮಾಡಿದ್ದೀರಲ್ರೀ! ಇನ್ನು ನನ್ನ ಹೆಂಡತಿ ಬಾಯೇ ತೆಗೆಯೋ ಹಾಗಿಲ್ಲ." ನೆಟ್ಟಗಾದ ಮೀನನ್ನು ಆಗಲೇ ಒಂದು ಡಬ್ಬಿಗೆ ತುಂಬಿಕೊಂಡರು. ನಿಜ ಹೇಳಿದರೆ ಕೊಲೆಯ ಆರೋಪ ಬರುತ್ತದೆ ಎಂದುಕೊಂಡ ಶಿವಾನಂದ ಅರ್ಜಿ ಮುಂದೆ ಹಿಡಿದ.

ಗೋಪಿನಾಥರು ಅರ್ಜಿ ನೋಡಲಿಲ್ಲ. ತಂದಿದ್ದ ಚೀಲವನ್ನು ತೊಟ್ಟಿಯೊಳಗೆ ಬಿಚ್ಚಿದರು. "ಒಂದೇ ಇದ್ರೆ ಬೇಜಾರಾಗುತ್ತೆ ಅಂತ ಚೆನ್ನೈನಲ್ಲಿ ಅದೇ ತಳಿಯ ಇನ್ನೂ ನಾಲ್ಕು ತಗೊಂಡೆ. ಇವನ್ನೂ ಹಾಗೇ ಮಾಡಿಕೊಡಿ. ನಾಲ್ಕೂ ನೆಟ್ಟಗಾದ ದಿನವೇ ನಿಮ್ಮ ರಜೆಗೆ ಸೈನ್. ನಿಶ್ಚಿತಾರ್ಥ ಎಲ್ಲಿಗೂ ಓಡಿಹೋಗಲ್ಲ ಬಿಡ್ರೀ."

ಅವರು ಹೋದ ಮೇಲೆ ಶಿವಾನಂದ ತೊಟ್ಟಿಯನ್ನೇ ನೋಡುತ್ತ ನಿಂತ. ಹೊಸದಾಗಿ ಬಂದ ನಾಲ್ಕು ಮೀನುಗಳು ಸಾಲಾಗಿ ಹೊಟ್ಟೆ ಮೇಲೆ ಮಾಡಿಕೊಂಡು ಆರೋಗ್ಯವಾಗಿ, ಆನಂದವಾಗಿ ಈಜುತ್ತಿದ್ದವು.

ಶರಣಬಸಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ತಮ್ಮಾ, ಜರಡಿ ತರಲೇನು?"