ಮೆಟ್ಟಿಲು ತೊಳೆಯುವ ಸರದಿ

ಹೌದು ಎಂದೇ ಗುರುತು ಹಾಕುತ್ತೇನೆ. ಆದರೆ ಆಮೇಲೆ ಮೇಲಿನ ಮನೆಯ ರಾಟ್ರೆಯವರ ಎದುರು ಕೂತು ಚಹಾ ಕುಡಿಯುವುದು ಹೇಗೆ?

ಗಡ್ಡ ಹೆರೆದುಕೊಳ್ಳುವಾಗ ಶುರುವಾದ ಈ ಸಂಶಯ ನಿನಿಯನ್ ಷೂ ಹಾಕಿಕೊಳ್ಳುವವರೆಗೂ ಬಗೆಹರಿಯಲಿಲ್ಲ. ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಿ ಸ್ವಂತ ದೇಶವಾಗಬೇಕೇ, ಹೌದೇ ಬೇಡವೇ ಎಂದು ಎಲ್ಲರ ಮತ ಕೇಳುವ ದಿನ ಅದು. ನಿನಿಯನ್‌ಗೆ ಅದು ಆಗಬೇಕಿತ್ತು. ಅವನ ತಾಯಿ ತಮ್ಮೂರು ಡಂಡಿಯ ಸೆಣಬಿನ ಗಿರಣಿಯಲ್ಲಿ ನೇಯ್ದು ನೇಯ್ದು ಮಗ್ಗದ ಸದ್ದಿಗೆ ಕಿವಿ ಕಳೆದುಕೊಂಡವಳು. ಬಂಗಾಳದವರು ಬೆಳೆದ ಸೆಣಬು, ಡಂಡಿಯ ಹೆಂಗಸರು ನೇಯ್ದ ಬಟ್ಟೆ; ಲಾಭ ಮಾತ್ರ ಇಬ್ಬರ ಮನೆಗೂ ಬರಲಿಲ್ಲ. ಸಾಮ್ರಾಜ್ಯದ ಗಾಡಿಗೆ ತಮ್ಮವರು ಎತ್ತೂ ಆಗಿದ್ದರು, ಬೇರೆ ಎತ್ತುಗಳ ಬೆನ್ನಿಗೆ ಚಾಟಿಯೂ ಆಗಿದ್ದರು. ಇನ್ನಾದರೂ ಆ ಗಾಡಿಯಿಂದ ಕಳಚಿಕೊಳ್ಳಬೇಕು.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕಿವಿ ಕೇಳದ ತಾಯಿಯ ಮುಂದೆ ತಲೆಯಾಡಿಸಿಯೇ ಬೆಳೆದವನು. ಐವತ್ತೆಂಟರಲ್ಲೂ ಯಾರು ಏನೆಂದರೂ ತಲೆಯಾಡಿಸುತ್ತಿದ್ದ.

ಮೇಲಿನ ಮನೆಯ ರಾಟ್ರೆಗೆ ಎಂಬತ್ತನಾಲ್ಕು. ಹಿಂದೆ ಕಲ್ಕತ್ತದ ಗಿರಣಿಯಲ್ಲಿ ಮೇಲ್ವಿಚಾರಕರಾಗಿದ್ದವರು. ಜೂನ್‌ನಿಂದಲೂ ಅವರ ಕಿಟಕಿಯಲ್ಲಿ ಬ್ರಿಟಿಷ್ ಬಾವುಟ. ಅವರ ಮತ ‘ಬೇಡ’ ಎನ್ನುವುದಕ್ಕೆ ಬೇರೆ ಸಾಕ್ಷಿ ಯಾರಿಗೂ ಬೇಕಿರಲಿಲ್ಲ. ಒಂಟಿಯಾದ ನಿನಿಯನ್ ದಿನವೂ ಸಂಜೆ ಅವರ ಜೊತೆ ಚೌಕದ ಹಲಗೆಯಲ್ಲಿ ಕಾಯಿ ನಡೆಸುತ್ತಿದ್ದ. ಅದೊಂದು ತಪ್ಪಿದರೆ ಅವನಿಗೆ ಸಂಜೆಯೇ ಇರಲಿಲ್ಲ.

ನಿನಿಯನ್ ತನ್ನ ಬಾಗಿಲು ತೆರೆದರೆ ಹಿಡಿಗೆ ರಟ್ಟಿನ ಚೀಟಿ ನೇತಾಡುತ್ತಿತ್ತು: ‘ಮೆಟ್ಟಿಲು ತೊಳೆಯುವ ಸರದಿ ನಿಮ್ಮದು.’ ಆ ಕಟ್ಟಡದಲ್ಲಿ ದೇಶದ ಕಾನೂನು ಮೀರಿದವರಿದ್ದರು, ಆ ಚೀಟಿಯನ್ನು ಮೀರಿದವರಿರಲಿಲ್ಲ.

“ಐನಾ, ಈ ವಾರ ನಿಮ್ಮದಲ್ವಾ?” ಕೆಳಗಿನ ಮನೆಯವಳನ್ನು ಕೂಗಿ ಕೇಳಿದ.

ಐನಾ ಹೊರಬಂದಳು. ಎದೆಯ ಮೇಲೆ ತಟ್ಟೆಯಷ್ಟಗಲ ‘ಹೌದು’ ಬಿಲ್ಲೆ. “ನನಗೆ ಸೊಂಟ ಹಿಡ್ಕೊಂಡಿದೆ ಕಣಯ್ಯ. ನೀನೇ ತೊಳಿ. ಸೋಪು ಧಾರಾಳವಾಗಿ ಹಾಕು.”

ನಿನಿಯನ್ ತಲೆಯಾಡಿಸಿದ. ಮೇಲಿನ ಅಂತಸ್ತಿನಿಂದ ಶುರು ಮಾಡಿದವನ ಮೊಣಕೈ ತಾಗಿ ಬಕೆಟ್ಟು ಉರುಳಿತು. ನೊರೆ ನೀರು ಮೆಟ್ಟಿಲಿಂದ ಮೆಟ್ಟಿಲಿಗೆ, ಶಾಲೆ ಬಿಟ್ಟ ಮಕ್ಕಳ ಹಾಗೆ, ಕೂಗುತ್ತ ಇಳಿಯಿತು.

ಸದ್ದಿಗೆ ರಾಟ್ರೆ ಕೋಲೂರಿಕೊಂಡು ಬಾಗಿಲಿಗೆ ಬಂದರು. “ಏನು ಮಗಾ, ಟೇ ನದೀನ ಮೇಲಕ್ಕೆ ಹತ್ತಿಸಿಬಿಟ್ಟೆಯಾ?”

“ಒರೆಸಬೇಡ ನಿನಿಯನ್!” ಕೆಳಗಿನಿಂದ ಐನಾ ಕೂಗಿದಳು. “ರಾತ್ರಿ ಹತ್ತಕ್ಕೆ ಮತಗಟ್ಟೆ ಮುಚ್ಚುತ್ತೆ. ಅಲ್ಲೀವರೆಗೂ ಮೆಟ್ಟಿಲು ಜಾರ್ತಾ ಇರಲಿ, ಕಲ್ಕತ್ತಾ ಸಾಹೇಬ್ರು ಮೇಲೇ ಇರಲಿ!”

ಐನಾ ಚೀಟಿಯನ್ನು ಯಾಕೆ ತನ್ನ ಬಾಗಿಲಿಗೆ ದಾಟಿಸಿದಳು ಎಂದು ನಿನಿಯನ್‌ಗೆ ಆಗ ತಿಳಿಯಿತು. ರಾಟ್ರೆ ಮೆಟ್ಟಿಲನ್ನು ನೋಡಿದರು, ಕೋಲನ್ನು ನೋಡಿದರು, ಮೆಲ್ಲಗೆ ಬಾಗಿಲು ಹಾಕಿಕೊಂಡರು.

ನಿನಿಯನ್ ಅಲ್ಲೇ ಮಂಡಿಯೂರಿದ. ಚಿಂದಿಯಿಂದ ಒರೆಸಿದ, ಟವೆಲಿನಿಂದ ಒರೆಸಿದ, ಕೊನೆಗೆ ಹಾಸಿಗೆಯ ಚಾದರವನ್ನೇ ತಂದು ಒರೆಸಿದ. ಒಣಗಿತು ಅನ್ನುವಷ್ಟರಲ್ಲಿ ಐನಾ, “ಇಲ್ಲಿನ್ನೂ ಕೊಳೆ ಇದೆಯಲ್ಲ” ಎಂದು ಇನ್ನೊಂದು ಬಕೆಟ್ಟು ಸುರಿದಳು. ಹಿಡಿದಿದ್ದ ಸೊಂಟ ಎಲ್ಲಿ ಹೋಗಿತ್ತೋ!

ನಾಲ್ಕು ಗಂಟೆಗೆ ಅವನು ರಾಟ್ರೆಯ ಬಾಗಿಲು ತಟ್ಟಿದ. “ಬನ್ನಿ, ಮತಗಟ್ಟೆಗೆ ಹೊತ್ಕೊಂಡು ಹೋಗ್ತೀನಿ.”

“ಬೇಡ ಮಗಾ. ನೀನು ಹೋಗಿ ಬಾ. ನನಗೆ ಅಲ್ಲೇನೂ ಕೆಲಸ ಇಲ್ಲ.”

ಮತಗಟ್ಟೆಯಲ್ಲಿ ನಿನಿಯನ್ ಪೆನ್ಸಿಲ್ ಹಿಡಿದು ಎಷ್ಟು ಹೊತ್ತು ನಿಂತನೆಂದರೆ, “ಪೆನ್ಸಿಲ್ ಬರೀತಿಲ್ವಾ?” ಎಂದು ಅಲ್ಲಿಯ ಹೆಂಗಸು ಕೇಳಿದಳು. ಒಬ್ಬ ಮುದುಕನ ಮತವನ್ನು ಸೋಪು ನೀರಿನಲ್ಲಿ ತೊಳೆದು ಪಡೆಯುವ ಸ್ವಾತಂತ್ರ್ಯ ಎಂಥದ್ದು? ಇದು ನನ್ನ ಮತವಲ್ಲ, ಅವರದು ಎಂದುಕೊಂಡು ‘ಬೇಡ’ದ ಮುಂದೆ ಗುರುತು ಹಾಕಿದ.

ಸಂಜೆ ರಾಟ್ರೆ ಚಹಾದ ಬದಲು ಎರಡು ಲೋಟಕ್ಕೆ ವಿಸ್ಕಿ ಸುರಿದರು. ಹಲಗೆಯ ಮೇಲೆ ಕಾಯಿ ಜೋಡಿಸುತ್ತ, “ಅಂತೂ ನಮ್ಮಿಬ್ಬರದೂ ಸೇರಿ ಎರಡು ‘ಹೌದು’ ಆಯ್ತು” ಎಂದರು.

ನಿನಿಯನ್ ಎತ್ತಿದ ಕಾಯಿ ಕೈಯಲ್ಲೇ ಉಳಿಯಿತು. “ನೀವು...?”

“ಎರಡು ವಾರದ ಹಿಂದೇನೇ ಅಂಚೆಯಲ್ಲಿ ಕಳಿಸಿದೆ. ಈ ಮಂಡಿ ಇಟ್ಕೊಂಡು ಮೂರು ಅಂತಸ್ತು ಯಾರಿಳೀತಾರೆ?”

“ಮತ್ತೆ ಬಾವುಟ?”

“ಕಿಟಕಿ ಗಾಜು ಒಡೆದಿದೆಯಲ್ಲ ಮಗಾ. ಮನೇಲಿದ್ದ ದಪ್ಪ ಬಟ್ಟೆ ಅದೊಂದೇ.” ರಾಟ್ರೆ ಒಂದು ಗುಟುಕು ಕುಡಿದರು. “ಕಲ್ಕತ್ತದಲ್ಲಿ ನಮ್ಮ ಗಿರಣಿಯಲ್ಲಿ ಹರಿಪದೊ ಅಂತ ಒಬ್ಬ ಮೇಸ್ತ್ರಿ ಇದ್ದ. ಬ್ರಿಟಿಷರು ಹೋದಮೇಲೆ ಕರೆಂಟು ಜಾಸ್ತಿ ಹೋಗುತ್ತಲ್ಲಯ್ಯ ಅಂತ ನಾನು ಹಂಗಿಸಿದೆ. ‘ಹೋಗುತ್ತೆ ಸಾಹೇಬ್ರೇ, ಆದ್ರೆ ಈಗ ನಮ್ಮನ್ನ ನಾವೇ ಬೈಕೋತೀವಿ’ ಅಂದ. ಸಾಯೋ ಮುಂಚೆ ನಂಗೂ ಹಾಗೊಂದು ಸಲ ಬೈಕೋಬೇಕು ಅಂತ ಆಸೆ. ಅದಲ್ಲದೆ, ನೀನು ಬಾಯಿ ಬಿಡದಿದ್ರೂ ನಿನ್ನ ಮನಸ್ಸು ನಂಗೊತ್ತಿಲ್ವಾ? ಐನಾಗೆ ಮಾತ್ರ ಹೇಳ್ಬೇಡ. ತೀರಾ ಖುಷಿಯಾಗಿಬಿಟ್ಟಾಳು.”

ಅವರು ಲೋಟ ಎತ್ತಿದರು. ನಿನಿಯನ್ ತಲೆಯಾಡಿಸಿ ತನ್ನ ಲೋಟವನ್ನೂ ತಾಗಿಸಿದ.

ತಾನು ‘ಬೇಡ’ ಎಂದು ಗುರುತು ಹಾಕಿದ್ದನ್ನು ಅವನು ರಾಟ್ರೆಗೆ ಯಾವತ್ತೂ ಹೇಳಲಿಲ್ಲ.