ಮೊಹರಿಲ್ಲದ ಹಡಗು

ಪಂಪಾಪತಿಯ ಗ್ರಹಚಾರ ಶುರುವಾದದ್ದು ಮೂರು ಲಕೋಟೆಗಳಿಂದ.

ಮಾನ್ವಿಯ ಸರಕಾರಿ ಕಚೇರಿಯೊಂದರಲ್ಲಿ ಅವನು ಇಪ್ಪತ್ತೆರಡು ವರ್ಷಗಳಿಂದ ಖರೀದಿ ವಿಭಾಗದ ಗುಮಾಸ್ತ. ಗುಂಡುಸೂಜಿಯಾಗಲಿ, ಜೀಪಿನ ಟೈರಾಗಲಿ, ಮೂರು ಕಡೆಯಿಂದ ಕೊಟೇಷನ್ ತರಿಸಿ, ಸಾಕ್ಷಿಗಳ ಎದುರು ತೆರೆದು, ಹೋಲಿಕೆ ಪಟ್ಟಿ ಬರೆಯದೆ ಏನನ್ನೂ ಕೊಂಡವನಲ್ಲ. ರಾಯಚೂರಿನ ಮನೆಯಲ್ಲೂ ಅದೇ ಪದ್ಧತಿ. ಮಿಕ್ಸರ್ ಬರಲು ಎಂಟು ತಿಂಗಳು ಹಿಡಿದಿತ್ತು. ಅಷ್ಟರಲ್ಲಿ ಹೆಂಡತಿ ಸುನಂದಾಳ ರಟ್ಟೆ ಒರಳಿಗೆ ಒಗ್ಗಿಹೋಗಿತ್ತು.

ಈಗ ಹಡಗಿನ ಸರದಿ. ಮಕ್ಕಳನ್ನು ಸಮುದ್ರದ ಹಡಗಿನಲ್ಲಿ ಸುತ್ತಾಡಿಸುತ್ತೇನೆಂದು ಮಾತು ಕೊಟ್ಟು ಮೂರು ಬೇಸಿಗೆ ಕಳೆದಿದ್ದವು. ಎರಡನೇ ಶನಿವಾರ ಬೆಳಿಗ್ಗೆ ಸುನಂದಾ ಬಟ್ಟೆಯ ಚೀಲ ಕಟ್ಟಿ ಬಾಗಿಲಲ್ಲಿ ತಂದಿಟ್ಟಳು.

"ನೋಡ್ರಿ, ಇವತ್ತ ಸಂಜಿ ಐದರೊಳಗ ಹಡಗು ಖಾಯಂ ಆಗಬೇಕು. ಇಲ್ಲಾಂದ್ರ ಆರರ ಬಸ್ಸಿಗೆ ಮಕ್ಕಳನ್ನ ಕರಕೊಂಡು ದೇವದುರ್ಗಕ್ಕ ನಮ್ಮವ್ವನ ಮನಿಗೆ ಹೋಗಾಕಿ ನಾ. ಸಾಲಿ ಶುರುವಾಗೋತನಾ ಬರಂಗಿಲ್ಲ. ನೀವು ನಿಮ್ಮ ಫೈಲ್ ಜೋಡಿ ಸಂಸಾರ ಮಾಡ್ರಿ!"

"ಐದು ಯಾಕ, ಹತ್ತಕ್ಕ ಮುಗಿಸ್ತೀನಿ. ಮೂರೂ ಲಕೋಟಿ ಬಂದಾವಲ್ಲ," ಎಂದ ಪಂಪಾಪತಿ ಠೀವಿಯಿಂದ.

ತೆರೆಯಲು ಸಾಕ್ಷಿಗಳು ಬೇಕಲ್ಲ? ಎದುರುಮನೆಯ ಅಕ್ಕಿ ವ್ಯಾಪಾರಿ ಜಂಬಣ್ಣ, ಪಕ್ಕದ ಮನೆಯ ಖತೀಜಾ ಬೀ ಕರೆಯುವ ಮೊದಲೇ ಬಂದು ಕುರ್ಚಿ ಹಿಡಿದಿದ್ದರು.

"ಒಂದೊಂದು ಹಡಗು ಎಷ್ಟು ಚೀಲ ಹಿಡೀತದೋ?" ಜಂಬಣ್ಣ ಕೇಳಿದ.

"ಚೀಲ ಅಲ್ಲ ಕಾಕಾ, ಮಂದಿ. ಎರಡು ಸಾವಿರ ಮಂದಿ."

"ಅಷ್ಟು ಮಂದಿಗೆ ರೊಟ್ಟಿ ಬಡಿಯೋರು ಯಾರು? ಬರಕೋ, ಮೊದಲು ಅದನ್ನ ಬರಕೋ."

ಖತೀಜಾ ಬೀ ಮುಂದೆ ಬಾಗಿದಳು. "ಹಡಗಿನ ಕಟಕಟಿ ಎಷ್ಟು ಎತ್ತರ ಅದ ಕೇಳು ಭಾಯಿ. ನಿನ್ನ ಚನ್ನು ನಮ್ಮ ಮಾಳಗಿ ಮ್ಯಾಲಿಂದ ಕೋಳಿಗೂಡಿನ ಮ್ಯಾಲ ಎರಡು ಸಲ ಬಿದ್ದಾನ. ಸಮುದ್ರದಾಗ ಕೋಳಿಗೂಡು ಎಲ್ಲಿಂದ ತರ್ತಿ?"

ಪಂಪಾಪತಿ ಎರಡನ್ನೂ ಷರತ್ತುಗಳ ಪಟ್ಟಿಗೆ ಸೇರಿಸಿ ಮೊದಲ ಲಕೋಟೆ ಹರಿದ. ಆ ಹಡಗಿನಲ್ಲಿ ಮಹಡಿಗೊಂದು ಬಾರ್ ಇತ್ತು, ಮಕ್ಕಳಿಗೊಂದು ಜೋಕಾಲಿ ಇರಲಿಲ್ಲ. ಮೂರನೆಯದರಲ್ಲಿ ಹೊತ್ತು ಹೊತ್ತಿಗೂ ಮೀನಿನೂಟ. ಆದರೆ ನಡುವಿನದು, ನೀಲಧಾರಾ ಎಂಬ ಹಡಗು! ನೀರಿನ ಜಾರುಬಂಡಿ, ಮಕ್ಕಳ ಆಟದ ಕೋಣೆ, ಸಸ್ಯಾಹಾರಕ್ಕೆ ಬೇರೆಯೇ ಅಡುಗೆಮನೆ, ಎದೆಮಟ್ಟದ ಕಟಕಟೆ. ಹನ್ನೊಂದರ ಕಾವ್ಯಾ, ಏಳರ ಚನ್ನವೀರ ಇಬ್ಬರೂ ಕುಣಿದಾಡಿದರು.

ಪಂಪಾಪತಿ ಮಾತ್ರ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ನಿಟ್ಟುಸಿರು ಬಿಟ್ಟ. "ಏಜೆಂಟರ ಮೊಹರು ಬಿದ್ದಿಲ್ಲ. ತಿರಸ್ಕೃತ."

ಚನ್ನು ನೆಲದ ಮೇಲೆ ಬಿದ್ದು ಉರುಳಾಡಿದ. ಕಾವ್ಯಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಪ್ಪಾ, ಹಡಗು ನೀರಿನ ಮ್ಯಾಲ ತೇಲ್ತದೋ, ಮೊಹರಿನ ಮ್ಯಾಲ ತೇಲ್ತದೋ?"

"ಅಳಬ್ಯಾಡ್ರಿ. ಒಂದು ಮೊಹರಲ್ಲ, ಹತ್ತು ಹಾಕಿಸಿಕೊಂಡು ಬರ್ತೀನಿ," ಎಂದು ಪಂಪಾಪತಿ ಚಪ್ಪಲಿ ಮೆಟ್ಟಿದ.

ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಏಜೆಂಟ್ ಜಹೀರುದ್ದೀನ್ ಇರಲಿಲ್ಲ. ಮಗಳು ತಮನ್ನಾ ಕೂತಿದ್ದಳು.

"ಅಬ್ಬಾ ಮಾನ್ವಿಗೆ ಮದುವಿಗೆ ಹೋಗ್ಯಾರ ಅಂಕಲ್. ಮೊಹರು ಅವರ ಕಿಸೆದಾಗ ಅದ. ಅದನ್ನ ಬಿಡ್ರಿ, ನೀಲಧಾರಾದಾಗ ನಾಲ್ಕು ಮಂದಿ ಖೋಲಿ ಒಂದೇ ಉಳಿದದ. ಈಗ್ಲೇ ನಿಮ್ಮ ಹೆಸರಿಗೆ ಹಾಕಿಬಿಡ್ಲಾ?"

ಲಂಚ ತಗೋ ಎಂದಳೇನೋ ಎಂಬಂತೆ ಪಂಪಾಪತಿ ಎರಡು ಹೆಜ್ಜೆ ಹಿಂದೆ ಸರಿದ. "ಮೊಹರಿಲ್ಲದ ಹಡಗು ಹತ್ತೋದಾ? ಸಾಧ್ಯ ಇಲ್ಲವ್ವ!" ಎಂದವನೇ ಬಸ್ ಸ್ಟ್ಯಾಂಡಿಗೆ ಓಡಿದ.

ದಿನಾ ಅದೇ ಬಸ್ಸಿನಲ್ಲಿ ಓಡಾಡುವವನನ್ನು ರಜೆಯ ದಿನ ಕಂಡು ಕಂಡಕ್ಟರ್ ಕನಕರಾಯನಿಗೆ ಕನಿಕರ ಉಕ್ಕಿತು. "ಸಾಹೇಬ್ರ, ಮರ್ತು ಬಂದ್ರೇನು? ಇವತ್ತ ಆಫೀಸು ಬಂದ್ ಅದ."

"ಆಫೀಸಲ್ಲೋ, ಹಡಗಿನ ಕೆಲಸಕ್ಕ ಹೊಂಟೀನಿ."

"ಮಾನ್ವಿಯಾಗ ಹಡಗಾ? ಕಾಲುವಿಗೆ ಅಷ್ಟು ನೀರು ಬಿಟ್ಟಾರೇನ್ರಿ?"

ಇಡೀ ಬಸ್ಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಂಪಾಪತಿ ಲಕೋಟೆಯನ್ನು ಎದೆಗವಚಿಕೊಂಡು ಕಿಟಕಿಯ ಹೊರಗೆ ನೋಡಿದ.

ಮದುವೆಮನೆಯಲ್ಲಿ ಜಹೀರುದ್ದೀನ್ ಬಿರಿಯಾನಿಯೊಳಗೆ ಮೊಣಕೈವರೆಗೆ ಮುಳುಗಿದ್ದ. ಅವನ ಊಟ ಮುಗಿಯುವವರೆಗೆ ಬೀಗರು ಪಂಪಾಪತಿಯನ್ನು ಸುಮ್ಮನೆ ಕೂಡಿಸಿಯಾರೇ? ಸಿಹಿಯಾದರೂ ತಗೊಳ್ಳಿ ಎಂದು ಮೂರು ಬಟ್ಟಲು ಡಬಲ್ ಕಾ ಮೀಠಾ ತಿನ್ನಿಸಿದರು. ಕೊನೆಗೆ ಮೊಹರೇನೋ ಕಿಸೆಯಿಂದ ಹೊರಗೆ ಬಂತು. ಆದರೆ ಶಾಯಿ ಅಂಗಡಿಯಲ್ಲೇ ಉಳಿದಿತ್ತು!

ಪಂಪಾಪತಿಯ ಮುಖ ಬಾಡಿದ್ದನ್ನು ನೋಡಲಾರದೆ ಮದುಮಗಳ ಚಿಕ್ಕಮ್ಮ ಒಂದು ಮದರಂಗಿ ಕೋನ್ ತಂದುಕೊಟ್ಟಳು. ಅದನ್ನೇ ಮೊಹರಿಗೆ ಬಳಿದು ಠಪ್ಪನೆ ಒತ್ತಿದರು. ಘಮಘಮ ಎನ್ನುವ ಕಾಗದವನ್ನು ಎರಡು ಕೈಯಲ್ಲಿ ಹಿಡಿದು, ಒಣಗಲೆಂದು ಊದುತ್ತಲೇ ಪಂಪಾಪತಿ ರಾಯಚೂರಿಗೆ ಮರಳಿದ.

ಮನೆ ಮುಟ್ಟಿದಾಗ ಐದಕ್ಕೆ ಹದಿನೈದು ನಿಮಿಷ. ಅಂಗಳದಲ್ಲಿ ಓಣಿಗೆ ಓಣಿಯೇ ಕೂತಿತ್ತು. ಮೈಯೆಲ್ಲ ಬೆವರಾಗಿದ್ದರೂ ಒಂದು ಗೆರೆ ಸೊಟ್ಟಗಾಗಲಿಲ್ಲ. ಹೋಲಿಕೆ ಪಟ್ಟಿ ಬರೆದ, ಸಾಕ್ಷಿಗಳ ಸಹಿ ಹಾಕಿಸಿದ, ಐದಕ್ಕೆ ಎರಡು ನಿಮಿಷ ಇರುವಾಗ ಎದ್ದು ನಿಂತು ಘೋಷಿಸಿದ: "ನೀಲಧಾರಾ!"

ಜಂಬಣ್ಣ ಸಿಳ್ಳೆ ಹೊಡೆದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಪಂಪಾಪತಿ ಅಂಥ ಚಪ್ಪಾಳೆ ಕೇಳಿರಲಿಲ್ಲ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ ತಮನ್ನಾಗೆ ಫೋನ್ ಮಾಡಿದ.

"ಆ ಖೋಲಿ ಹೋತಲ್ಲ ಅಂಕಲ್," ಎಂದಳು ತಮನ್ನಾ. "ನೀವು ಮಾನ್ವಿಗೆ ಓಡಿದ್ರಿ, ಹಿಂದಿಂದನೇ ಬುಕ್ ಆತು."

ಪಂಪಾಪತಿ ಫೋನನ್ನು ಬಾಯಿಯ ಹತ್ತಿರ ತಂದ. "ಯಾರು ತಗೊಂಡ್ರವ್ವ?"

"ನಿಮ್ಮ ಮನಿಯವರೇ! ಸುನಂದಾ ಆಂಟಿ ಫೋನ್ ಮಾಡಿದ್ರು, ಹತ್ತು ನಿಮಿಷದಾಗ ಮುಗೀತು."

ಎಲ್ಲರೂ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಸುನಂದಾಳತ್ತ ತಿರುಗಿದರು. "ಕಾವ್ಯಾ, ಚನ್ನುನ್ನ ಕೇಳಿದೆ. ಅದೇ ಹಡಗು ಬೇಕಂದ್ರು," ಎಂದಳು ಆಕೆ.

ಪಂಪಾಪತಿ ಕೈಯಲ್ಲಿದ್ದ ಪಟ್ಟಿಯನ್ನು ಮತ್ತೊಮ್ಮೆ ಓದಿದ. ಆಮೇಲೆ ಚನ್ನುವನ್ನು ಹೆಗಲಿಗೆ ಎತ್ತಿಕೊಂಡು ಅಂಗಳದ ತುಂಬ ಕುಣಿದ. "ನೋಡಿದ್ರೇನ್ರಿ! ಆಕಿ ಹಂಗ ಆರಿಸಿದ್ಲು, ನಾ ಹಿಂಗ ಆರಿಸಿದೆ, ಇಬ್ಬರಿಗೂ ಬಂದದ್ದು ಒಂದೇ ಹಡಗು! ನನ್ನ ಪದ್ಧತಿ ಎಂದೂ ತಪ್ಪಂಗಿಲ್ಲ!"

ಜಂಬಣ್ಣ ಕೈ ಕುಲುಕಿದ. ಖತೀಜಾ ಬೀ ದೃಷ್ಟಿ ತೆಗೆದಳು. ಪಂಪಾಪತಿ ಪೆನ್ನು ತೆರೆದು ಮತ್ತೆ ಫೋನಿನತ್ತ ಬಾಗಿದ. "ತಮನ್ನಾ, ನಾಲ್ಕೂ ಹೆಸರು ಓದವ್ವ. ಫೈಲಿಗೆ ಬೇಕು."

"ಸುನಂದಾ, ಕಾವ್ಯಾ, ಚನ್ನವೀರ, ಗೋಪಮ್ಮ."

ಗೋಪಮ್ಮ ಅಂದರೆ ದೇವದುರ್ಗದ ಅತ್ತೆ. ಪಂಪಾಪತಿಯ ಪೆನ್ನು ಅಲ್ಲೇ ನಿಂತಿತು. "ಅಲ್ಲಲೇ... ನಾ ಎಲ್ಲಿ?"

ಸುನಂದಾ ಅವನ ಕೈಗೆ ಚಹಾ ಕೊಟ್ಟಳು. "ಕೊಟೇಷನ್ ತೆರೆದವರು ಅದರ ಲಾಭ ತಾವೇ ತಗೋಳಂಗಿಲ್ಲ ಅಲ್ಲೇನ್ರಿ? ಕಾಯ್ದೆ ನಿಮ್ಮ ಆಫೀಸಿಂದೇ."

ಕಾಯ್ದೆ ಇದ್ದದ್ದು ಹೌದು. ಮೂವರು ಅಧಿಕಾರಿಗಳಿಗೆ ಅದನ್ನು ಅವನೇ ಓದಿ ಹೇಳಿದ್ದ. ಓಣಿಯವರೆಲ್ಲ ಬಾಯಿ ಬಿಟ್ಟು ನೋಡುತ್ತಿರುವಾಗ ಪಂಪಾಪತಿ ಪಟ್ಟಿಯ ಕೆಳಗೆ "ಆಕ್ಷೇಪಣೆ ಇಲ್ಲ" ಎಂದು ದುಂಡಗೆ ಬರೆದು, ಸಹಿ ಮಾಡಿ, ತಾರೀಖು ಹಾಕಿದ.