ಕುಮಾರೇಶ ಮುಡಿ ಕೊಟ್ಟ ಭಾನುವಾರ

ಕುಮಾರೇಶನ ತಲೆಗೂದಲನ್ನು ಕಾಗೆ ಹೊತ್ತುಕೊಂಡು ಹೋಯಿತು.

ತಲೆಯ ಮೇಲಿಂದಲ್ಲ, ಬಟ್ಟೆ ಒಣಗಿಸುವ ತಂತಿಯ ಮೇಲಿಂದ. ಭಾನುವಾರ ಬೆಳಕು ಹರಿಯುವ ಮುಂಚೆ ಎದ್ದು, ಶಾಂಪೂ ಹಾಕಿ ತೊಳೆದು, ಮಹಡಿಯ ಮೇಲೆ ಹೆಂಡತಿಯ ಸೀರೆಯ ಮರೆಯಲ್ಲಿ ಒಣಗಲು ಹಾಕಿದ್ದ ವಿಗ್ಗು ಅದು. ಜೂಜುವಾಡಿಯ ಕಾಗೆಗಳನ್ನು ನೀವು ನೋಡಿಲ್ಲವಾದರೆ ಹೇಳಬೇಕು: ಹೆದ್ದಾರಿಯ ಹೊಗೆ ಕುಡಿದು ಒಂದೊಂದೂ ನಾಟಿ ಹುಂಜದ ಗಾತ್ರಕ್ಕೆ ಬೆಳೆದಿವೆ. ಮನಸ್ಸು ಮಾಡಿದರೆ ಲಾರಿಯ ಸ್ಟೆಪ್ನಿಯನ್ನೇ ಎತ್ತಿಕೊಂಡು ಹೋಗುತ್ತವೆ. ವಿಗ್ಗು ಯಾವ ಲೆಕ್ಕ!

"ಹೋಯ್ತು ಕಣೇ ಜಯಂತಿ, ನನ್ ಮಾನ ಹೋಯ್ತು!" ಎಂದು ಕುಮಾರೇಶ ಮೆಟ್ಟಿಲ ಮೇಲೆ ಕುಸಿದು ಕೂತ.

"ಮಾನ ಎಲ್ಲೂ ಹೋಗಿಲ್ಲ, ಕಾಗೆ ಗೂಡಿಗೆ ಹೋಗ್ಯದೆ. ಅದೂ ಸಂಸಾರಸ್ಥೆನೇ, ಬುಡ್ರಿ," ಎಂದು ಜಯಂತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ನಗುವ ವಿಷಯವಾಗಿರಲಿಲ್ಲ. ಹೊಸೂರಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿ ಈ ಬೀದಿಗೆ ಮನೆ ಮಾಡಿಕೊಂಡು ಬಂದಾಗಿನಿಂದ ಅವನ ನಿಜವಾದ ತಲೆಯನ್ನು ಹೆಂಡತಿ ಬಿಟ್ಟರೆ ನರಪಿಳ್ಳೆಯೂ ಕಂಡಿರಲಿಲ್ಲ. ಎದುರುಮನೆಯಲ್ಲಿದ್ದವರು ಯಾರು? ಮುತ್ತರಾಯಪ್ಪ. ಬೀದಿಗೆಲ್ಲ ಅಡ್ಡಹೆಸರು ಇಡುವ ಗುತ್ತಿಗೆ ಆ ಮುದುಕನದು. ಅವನು ಇಟ್ಟ ಹೆಸರು ಹಚ್ಚೆಗಿಂತ ಗಟ್ಟಿ. ಯಾವತ್ತೋ ಒಮ್ಮೆ ಮೋರಿಗೆ ಜಾರಿದ ಹೆಡ್‌ಮಾಸ್ಟರು ಇವತ್ತಿಗೂ 'ಮೋರಿ ಮೇಷ್ಟ್ರು'. ಅವರ ಮಗಳ ಲಗ್ನಕ್ಕೂ ಊರು 'ಮೋರಿಯವರ ಮದುವೆ' ಅಂತಲೇ ಉಂಡು ಬಂತು. ವಿಗ್ಗಿನ ಸುದ್ದಿ ಹೊರಬಿದ್ದರೆ ಇವನು ಸಾಯುವ ತನಕ, ಸತ್ತ ಮೇಲೂ, 'ಟೋಪನ್ ಕುಮಾರೇಶ'.

ಕುಮಾರೇಶ ಕನ್ನಡಿ ನೋಡಿಕೊಂಡ. ನಡುತಲೆ ತಿಕ್ಕಿದ ತಾಮ್ರದ ಹಂಡೆ. ಕಿವಿಯಿಂದ ಕಿವಿಗೆ ಮಾತ್ರ ಕೂದಲಿನದೊಂದು ಹಾರ. ತಟ್ಟನೆ ಹೊಳೆಯಿತು. ಈ ಹಾರವನ್ನೂ ತೆಗೆಸಿಬಿಟ್ಟರೆ? ಪೂರ್ತಿ ಬೋಳಿಸಿದ ತಲೆಗೂ ಮೊದಲಿಂದ ಬೋಳಾದ ತಲೆಗೂ ಯಾವ ಮುತ್ತರಾಯಪ್ಪ ವ್ಯತ್ಯಾಸ ಕಂಡುಹಿಡಿದಾನು?

ಟವೆಲು ಮುಸುಕು ಹಾಕಿಕೊಂಡು ಹೊರಟ. ಬೀದಿಯ ಕ್ಷೌರದಂಗಡಿಗೆ ಹೋದರೆ ಸುದ್ದಿ ಅವನಿಗಿಂತ ಮುಂಚೆ ಮನೆ ಸೇರುತ್ತದೆ. ಹಾಗಾಗಿ ಗಡಿ ದಾಟಿ ಅತ್ತಿಬೆಲೆಗೆ ನಡೆದ. ತಲೆ ಬೋಳಿಸಿಕೊಳ್ಳಲು ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯಕ್ಕೆ ಹೋದ ಮನುಷ್ಯ ಚರಿತ್ರೆಯಲ್ಲಿ ಇವನೊಬ್ಬನೇ.

ವಾಪಸು ಬರುವಾಗ ಟವೆಲು ಹೆಗಲಿಗೆ ಇಳಿಯಿತು. ಪಕ್ಕದಲ್ಲಿ ಒಂದು ಲಾರಿ ಹಾದುಹೋಯಿತು. ಅದರ ಗಾಳಿ ಬೋಳು ತಲೆಯನ್ನು ಹೀಗೆ ಸವರಿಕೊಂಡು ಹೋದಾಗ ಕುಮಾರೇಶ ರಸ್ತೆಯಲ್ಲೇ ನಿಂತುಬಿಟ್ಟ. ಬೇಸಿಗೆಯಲ್ಲಿ ಕುದಿಸುತ್ತಿದ್ದ ಆ ವಿಗ್ಗು, ಬೆವರಿದರೆ ಕೆರೆತ, ಗಾಳಿ ಬೀಸಿದರೆ ಎರಡು ಕೈಯಲ್ಲೂ ತಲೆ ಹಿಡಿದುಕೊಳ್ಳುವ ಪಾಡು! ಬೇಕೆಂದೇ ಇನ್ನೊಂದು ಲಾರಿಗೆ ಕಾದು ತಲೆಯೊಡ್ಡಿದ. ಸ್ವರ್ಗ ಅತ್ತಿಬೆಲೆಗೂ ಜೂಜುವಾಡಿಗೂ ನಡುವೆ ಇದೆಯೆಂದು ಅವತ್ತು ಖಾತ್ರಿಯಾಯಿತು. 'ಇನ್ನು ಸತ್ತರೂ ವಿಗ್ಗು ಹಾಕಲ್ಲ' ಎಂದು ಆಣೆ ಮಾಡಿಕೊಂಡ.

ಬೀದಿಯ ತಿರುವಿನಲ್ಲಿ ಪಕ್ಕದ ಮನೆಯ ಲಕ್ಷ್ಮಿದೇವಮ್ಮ ನಲ್ಲಿಯ ಮುಂದೆ ಖಾಲಿ ಬಿಂದಿಗೆ ಇಟ್ಟುಕೊಂಡು ಕೂತಿದ್ದಳು. ಟ್ಯಾಂಕಿನ ಮೋಟಾರು ಸುಟ್ಟು ವಾರಗಳಾಗಿ, ನಲ್ಲಿಯಲ್ಲಿ ಜೇಡ ಸಂಸಾರ ಹೂಡಿತ್ತು. ಇವನ ತಲೆ ಕಂಡದ್ದೇ ಆಕೆ ಬಿಂದಿಗೆ ಬಿಟ್ಟು ಎದೆ ಬಡಿದುಕೊಂಡಳು.

"ಅಯ್ಯೋ ನನ್ನಪ್ಪಾ! ಗುಮ್ಮಳಾಪುರದಾಗೆ ನಿಮ್ಮಪ್ಪ ಶ್ಯಾಮಣ್ಣೋರು ಹೋಗ್ಬುಟ್ರಾ? ಒಂದ್ ಮಾತು ಹೇಳ್ಬಾರ್ದಾಗಿತ್ತಾ!"

ಆಕೆಯ ಗಂಟಲು ಕೃಷ್ಣಗಿರಿಗೆ ಕೇಳಿಸುವಂಥದ್ದು. ಕಣ್ಣು ಮುಚ್ಚಿ ಬಿಡುವುದರಲ್ಲಿ ಅರ್ಧ ಬೀದಿ ಸೇರಿತು. ತಂದೆ ಹೋದರೆ ಮಗ ತಲೆ ಬೋಳಿಸುತ್ತಾನೆ. ಇದನ್ನು ಯೋಚಿಸದೆ ಕತ್ತಿಗೆ ತಲೆಯೊಡ್ಡಿದ್ದ ಪುಣ್ಯಾತ್ಮ.

"ಇಲ್ಲ ಕಣಕ್ಕೋ! ಅಪ್ಪ ಗುಂಡುಕಲ್ಲಂಗವ್ನೆ. ಇದು... ಇದು ಮುಡಿ. ಬೆಳಿಗ್ಗೆ ಊರಿಗೋಗಿ ಮನೆದೇವ್ರು ಮುನೇಶ್ವರನಿಗೆ ಕೊಟ್ಟು ಬಂದೆ."

ಗುಂಪು ಸೀಳಿಕೊಂಡು ಮುತ್ತರಾಯಪ್ಪ ಮುಂದೆ ಬಂದ. "ಏನ್ ಹರಕೆಲಾ ಅದು, ಯಾರ್ಗೂ ಹೇಳ್ದೇ ಹೊತ್ತಿದ್ದು? ಏನಾಗ್ಬೇಕಿತ್ತು ನಿಂಗೆ?"

ಕುಮಾರೇಶನ ಕಣ್ಣು ಅತ್ತಿತ್ತ ಅಲೆದು ಕಾಲ ಬಳಿಯ ಖಾಲಿ ಬಿಂದಿಗೆಯ ಮೇಲೆ ಬಿತ್ತು.

"ನಂಗಲ್ಲ ಮಾವ. ನಮ್ ಬೀದಿಗೆ ನೀರ್ ಬರ್ಲಿ ಅಂತ."

ಲಕ್ಷ್ಮಿದೇವಮ್ಮ ಕಣ್ಣೊರೆಸಿಕೊಂಡಳು. "ಎಂಥಾ ಕೂದ್ಲು! ತಿದ್ದಿ ಬಾಚಿದ್ರೆ ಒಂದೆಳೆ ಆಚೀಚೆ ಆಗ್ತಿರ್ಲಿಲ್ಲ. ನಮ್ಗೋಸ್ಕರ ಕೊಟ್ಬುಟ್ಯಲ್ಲಪ್ಪಾ!"

ಮುತ್ತರಾಯಪ್ಪ ಮಾತ್ರ ಕರಗಲಿಲ್ಲ. "ಮುನೇಶ್ವರನಿಗೆ ಬರೀ ಮುಡಿ ಕೊಟ್ರೆ ಒಪ್ತಾನೇನ್ಲಾ? ಕುರಿ ಎಲ್ಲಿ? ಬೀದಿಗೆಲ್ಲ ಬಾಡೂಟ ಎಲ್ಲಿ?"

ಸುಟ್ಟ ಮೋಟಾರಿನ ಮೇಲೆ ಅಪಾರ ನಂಬಿಕೆಯಿದ್ದ ಕುಮಾರೇಶ ಧೈರ್ಯವಾಗಿ ಹೇಳಿದ: "ನೀರ್ ಬರ್ಲಿ ಮಾವ, ಬಂದ ದಿನಾನೇ ಕುರಿ ಕುಯ್ಯುಸ್ತೀನಿ."

ಮನೆಗೆ ಬಂದು, ಫ್ಯಾನಿನ ಕೆಳಗೆ ತಲೆಯಿಟ್ಟು, ಮುದ್ದೆ ಉಂಡು ಮಲಗಿದ. ಅಂಥ ನಿದ್ದೆ ಅವನ ವಂಶದಲ್ಲೇ ಯಾರೂ ಮಾಡಿರಲಿಲ್ಲ. ಎಚ್ಚರಾದದ್ದು ಬೀದಿಯ ಕೂಗಿಗೆ. ನಲ್ಲಿ ಮೊದಲು ಮುದುಕನಂತೆ ಕೆಮ್ಮಿತಂತೆ, ಆಮೇಲೆ ಜೇಡನನ್ನು ಉಗಿಯಿತಂತೆ, ಆಮೇಲೆ ಬಂತು ನೋಡಿ ನೀರು, ಹೊಗೇನಕಲ್ಲು ಜಲಪಾತ ನಾಚಬೇಕು! ಮಧ್ಯಾಹ್ನ ಮೆಕಾನಿಕ್ ಬಂದು ಮೋಟಾರು ಬದಲಾಯಿಸಿ ಹೋಗಿದ್ದನ್ನು ಬೀದಿಯೆಲ್ಲ ನೋಡಿತ್ತು. "ಅವನನ್ನ ಕಳ್ಸಿದ್ದು ಯಾರು? ಮುನೇಶ್ವರ!" ಎಂದು ಬೀದಿಯೆಲ್ಲ ಹೇಳಿತು.

ಕುರಿ ಬಂತು. ಕುಮಾರೇಶ ತಿಂಗಳ ಸಂಬಳವನ್ನು ಮನಸ್ಸಿನಲ್ಲೇ ಬೀಳ್ಕೊಟ್ಟ. ಟ್ಯಾಂಕಿನ ಕೆಳಗೆ ಒಲೆ ಹೂಡಿದರು. ಸಾರಿಗೆ ಮಸಾಲೆ ಬೀಳುವ ಹೊತ್ತಿಗೆ ಲಕ್ಷ್ಮಿದೇವಮ್ಮ ಮೇಲೆ ನೋಡಿ ಕಿರುಚಿದಳು.

ಟ್ಯಾಂಕಿನ ಏಣಿಯ ತುದಿಯಲ್ಲಿ ಒಂದು ಕಾಗೆ ಗೂಡು. ಅದರಿಂದ ಜೋತಾಡುತ್ತಿತ್ತು ಕಪ್ಪಗೆ, ನುಣ್ಣಗೆ, ಎಡಬೈತಲೆಯ ಕೂದಲು.

ಕುಮಾರೇಶನ ಕತೆ ಮುಗಿಯಿತು! ಮುತ್ತರಾಯಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ಗೂಡನ್ನು ನೋಡಿದ, ಕುಮಾರೇಶನ ಬುರುಡೆ ನೋಡಿದ, ಮತ್ತೆ ಗೂಡನ್ನು ನೋಡಿದ.

"ಇದು... ಇವನ ಕೂದ್ಲೇ ಕಣ್ರಲಾ!"

"ಮಾವ, ಅದು ಏನಂದ್ರೆ..."

"ಬಾಯ್ಮುಚ್ಲಾ! ಬೆಳಿಗ್ಗೆ ಗುಮ್ಮಳಾಪುರದಾಗೆ ಕೊಟ್ಟ ಮುಡಿ ಸಂಜೆಗೆ ಜೂಜುವಾಡಿ ಟ್ಯಾಂಕಿನ ಮ್ಯಾಲೆ! ಕಾಗೆ ಕೈಲಿ ಕಳ್ಸವ್ನೆ ಸ್ವಾಮಿ!" ಎಂದು ಮುದುಕ ನಿಂತಲ್ಲೇ ಅಡ್ಡಬಿದ್ದ. ಹಿಂದೆಯೇ ಬೀದಿ ಅಡ್ಡಬಿತ್ತು. ಹತ್ತಿ ನೋಡಲು ಹೋದ ಒಬ್ಬನ ನೆತ್ತಿಯನ್ನು ಕಾಗೆ ಕುಕ್ಕಿದ್ದೇ ತಡ, ಪವಾಡಕ್ಕೆ ಸಹಿ ಬಿದ್ದಂತಾಯಿತು. ಏಣಿಗೆ ಅರಿಶಿನ ಕುಂಕುಮ ಹಚ್ಚಿದರು. ತನ್ನ ವಿಗ್ಗಿಗೆ ಕರ್ಪೂರ ಬೆಳಗುವುದನ್ನು ನೋಡುತ್ತ ಕುಮಾರೇಶನೂ ಕೈಮುಗಿದ. ಮುಗಿಯದೆ ವಿಧಿಯಿರಲಿಲ್ಲ.

ಊಟಕ್ಕೆ ಕೂತಾಗ ಮೊದಲ ಎಲೆ ಅವನದು, ತಲೆಮಾಂಸ ಅವನಿಗೆ. ಸಂಜೆಯ ಗಾಳಿ ನೆತ್ತಿಯನ್ನು ಸವರುತ್ತಿತ್ತು. ಕುರಿ ಹೋದರೆ ಹೋಯಿತು, ಗುಟ್ಟು ಉಳಿಯಿತು, ಗಾಳಿ ಉಳಿಯಿತು. ಜಯಂತಿಯ ಕಡೆ ನೋಡಿ ಕಣ್ಣು ಮಿಟುಕಿಸಿದ.

ಆಗ ಮುತ್ತರಾಯಪ್ಪ ಮೂಳೆ ಚೀಪುವುದನ್ನು ನಿಲ್ಲಿಸಿ ಗಂಟಲು ಸರಿಮಾಡಿಕೊಂಡ.

"ನೋಡಪ್ಪ, ಮುಡಿ ಕುಮಾರೇಶ." ಹೆಸರು ಬಿದ್ದೇಬಿಟ್ಟಿತ್ತು. "ಕೆಳಗಿನ ಬೀದಿಯೋರು ಬಂದವ್ರೆ, ಅವ್ರಿಗೆ ರೋಡ್ ಆಗ್ಬೇಕಂತೆ. ಬರೋ ಯುಗಾದಿಗೆ ಅವ್ರ ಹೆಸ್ರಾಗೆ ಇನ್ನೊಂದ್ ಮುಡಿ ಕೊಡ್ತೀಯ ಅಂತ ನಾನೇ ಮಾತು ಕೊಟ್ಟಿವ್ನಿ. ಅಲ್ಲೀಗಂಟ ಕತ್ತರಿ ಮುಟ್ಟಿಸ್ಬ್ಯಾಡ. ಎಷ್ಟು ಬೆಳ್ದದೆ ಅಂತ ಅಮಾಸೆಗೊಂದ್ಸಲ ನಾನೇ ಬಂದು ನೋಡ್ಕೊಂಡೋಯ್ತೀನಿ."

ಕುಮಾರೇಶನ ಕೈಯಲ್ಲಿದ್ದ ತಲೆಮಾಂಸ ಎಲೆಗೆ ಬಿತ್ತು.

ಕೈ ತೊಳೆದವನೇ ಮಹಡಿಗೆ ಓಡಿ ವಿಗ್ಗಿನಂಗಡಿಗೆ ಫೋನು ಹಚ್ಚಿದ. "ಒಂದಲ್ಲ ಸಾರ್, ಒಂದು ಡಜನ್. ಅಮಾಸೆಯಿಂದ ಅಮಾಸೆಗೆ ಸ್ವಲ್ಪ ಸ್ವಲ್ಪ ಉದ್ದ ಆಗ್ಬೇಕು."

"ಆಗ್ಲಿ ಸಾರ್. ಕೂದ್ಲು ಫಸ್ಟ್ ಕ್ಲಾಸ್ ಇರ್ತದೆ, ಎಲ್ಲಾ ಜನ ದೇವ್ರಿಗೆ ಕೊಟ್ಟ ಮುಡಿನೇ," ಎಂದಿತು ಆ ಕಡೆಯ ದನಿ.

ಫೋನಿಟ್ಟು ತಲೆಯೆತ್ತಿದ. ಎದುರಿನ ತಂತಿಯ ಮೇಲೆ ಅದೇ ಕಾಗೆ ಕತ್ತು ಓರೆ ಮಾಡಿಕೊಂಡು ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಅದರ ಗೂಡು ಇನ್ನೂ ಅರ್ಧ ಮಾತ್ರ ಆಗಿತ್ತು.